ಸುಣ್ಣದ ದೋಣಿ

2010ರ ನವೆಂಬರ್. ನಾನಾಗ ಬಾಗಲಕೋಟೆಯ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ. ಪಿ.ಟಿ. ಸರ್ ಪೇಪರ್ ಹಿಡಿದುಕೊಂಡೇ ಮೈದಾನಕ್ಕೆ ಬಂದರು. ಚೀನಾದ ಗುವಾಂಗ್‌ಝೌನಲ್ಲಿ ಬಜರಂಗ್ ಲಾಲ್ ತಾಖರ್ ಸಿಂಗಲ್ ಸ್ಕಲ್‌ನಲ್ಲಿ, ಅಂದರೆ ಒಬ್ಬನೇ ಹುಟ್ಟು ಹಾಕುವ ದೋಣಿ ಸ್ಪರ್ಧೆಯಲ್ಲಿ, ಚಿನ್ನ ಗೆದ್ದಿದ್ದರು. ಏಷ್ಯನ್ ಗೇಮ್ಸ್ ರೋಯಿಂಗ್‌ನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ.

"ರಾಜಸ್ಥಾನದಾಗ ಹುಟ್ಟಿದಾಂವ ನೀರಾಗ ಬಂಗಾರ ಗೆದ್ದಾನ. ಹೊಳಿದಂಡಿ ಹುಡುಗೂರು ನೀವು ಏನ್ ಮಾಡಾಕತ್ತೀರಿ?"

ನಾವು ವಾಲಿಬಾಲ್ ನೆಟ್ ಕಟ್ಟುತ್ತಿದ್ದೆವು.

ಕಾಲೇಜಿನಲ್ಲಿ ದೋಣಿ ಎಲ್ಲಿಂದ ಬರಬೇಕು? ಎಂಟು ಜನರ ದೋಣಿ ವಾಲಿಬಾಲ್ ಅಂಕಣದಷ್ಟು ಉದ್ದ ಅಂತ ಸರ್ ಎಲ್ಲೋ ಓದಿದ್ದರಂತೆ. ಸುಣ್ಣದ ಪುಡಿ ತಂದು ಈ ತುದಿಯಿಂದ ಆ ತುದಿಗೆ ಗೆರೆ ಎಳೆದೇಬಿಟ್ಟರು. ಅಗಲ ಮಾತ್ರ ಒಬ್ಬ ಕೂರುವಷ್ಟು. ಎಂಟು ಹುಡುಗರು, ಎಂಟು ಬಿದಿರಿನ ಕೋಲು, ಒಬ್ಬನದು ಎಡಕ್ಕೆ, ಇನ್ನೊಬ್ಬನದು ಬಲಕ್ಕೆ. ಇದು ಸ್ವೀಪ್. ಒಬ್ಬನೇ ಎರಡೂ ಕೈಯಲ್ಲಿ ಒಂದೊಂದು ಹುಟ್ಟು ಹಿಡಿದರೆ ಸ್ಕಲ್. ಅದರಲ್ಲಿ ಒಬ್ಬರ, ಇಬ್ಬರ, ನಾಲ್ವರ ದೋಣಿ ಇರುತ್ತವೆ.

ನಿಜವಾದ ದೋಣಿಯಲ್ಲಿ ಸೀಟು ಗಾಲಿಯ ಮೇಲೆ ಸರಿಯುತ್ತದೆ, ಜೋರೆಲ್ಲ ಕಾಲಿನದು. ನಮಗೆ ಗೋಣಿಚೀಲವೇ ಸೀಟು. ಅದರ ಮೇಲೆ ಕೂತು ಹಿಂದೆ ಮುಂದೆ ಜಾರಿ ಜಾರಿ ಪ್ಯಾಂಟು ಸವೆದು, ಮನೆಯಲ್ಲಿ ಬೈಸಿಕೊಂಡದ್ದೇ ಜಾಸ್ತಿ.

ನಾನು ಎಲ್ಲರಿಗಿಂತ ಗಿಡ್ಡ. ಹಾಗಾಗಿ ಕಾಕ್ಸ್, ಅಂದರೆ ಹುಟ್ಟು ಹಾಕದೆ ದಾರಿ ನೋಡಿ ಲಯ ಕೂಗುವವನು. ಹರಿಗೋಲು ನೋಡಿ ಬೆಳೆದವನಿಗೆ ಇದೊಂದು ವಿಚಿತ್ರ: ಹುಟ್ಟು ಹಾಕುವವರೆಲ್ಲ ಹೋಗುವ ಕಡೆಗೆ ಬೆನ್ನು ಮಾಡಿ ಕೂರುತ್ತಾರೆ. ದಾರಿ ಕಾಣುವುದು ಕಾಕ್ಸ್‌ಗೆ ಮಾತ್ರ. ನನಗೆ ಕಾಣುತ್ತಿದ್ದದ್ದು ಎಂಟು ಬೆವರಿದ ಮುಖ, ಆಚೆಗೆ ನೀರಿನ ಟಾಕಿ. "ಒಂದ್... ಎರಡ್..." ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ದೋಣಿ ಒಂದಿಂಚೂ ಕದಲುತ್ತಿರಲಿಲ್ಲ, ಆದರೂ ಗುರಿ ಮುಟ್ಟಿದೆವು ಅಂತ ಸರ್ ಸೀಟಿ ಊದುತ್ತಿದ್ದರು. ಅಸಲಿ ಪಂದ್ಯ 2000 ಮೀಟರಿನದು.

ಮುಂದೆ ಕೆಲಸಕ್ಕೆ ಪುಣೆಗೆ ಹೋದೆ. ಅಲ್ಲಿನ ಬೋಟ್ ಕ್ಲಬ್ ಒಂದರಲ್ಲಿ ಸಿಂಗಲ್ ಸ್ಕಲ್ ಹತ್ತಿದೆ. ಹೆಚ್ಚುಕಮ್ಮಿ 14 ಕಿಲೋ ತೂಕದ, ಗರಿಯಂಥ ದೋಣಿ. ಎರಡು ಸಲ ಹುಟ್ಟು ಎಳೆದೆ. ದಾರಿ ನೋಡೋಣ ಅಂತ ಹಿಂದೆ ತಿರುಗಿದೆ ನೋಡಿ, ಕೈಯಿಂದ ಹುಟ್ಟು ಜಾರಿತು, ನಾನು ನೀರಲ್ಲಿದ್ದೆ. ಕಾಕ್ಸ್ ಆಗಿದ್ದವನ ಚಟ, ಅಲ್ವಾ?

ರಾತ್ರಿ ಸರ್‌ಗೆ ಫೋನ್ ಮಾಡಿದೆ. ಬಿದ್ದದ್ದು ಕೇಳಿ ಮನಸಾರೆ ನಕ್ಕರು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ಎಂಟು ಮಂದೀದು ನೋಡಿದೇನು? ವಾಲಿಬಾಲ್ ಅಂಕಣದಷ್ಟು ಉದ್ದ ಐತೇನು?" ಅಂದರು. ಅವರೂ ಕಂಡಿರಲಿಲ್ಲ!

ಮರುದಿನ ಕ್ಲಬ್ಬಿನ ಶೆಡ್ಡಿನಲ್ಲಿ ಆ ದೋಣಿಯ ಪಕ್ಕ ಹೆಜ್ಜೆ ಹಾಕಿ ಅಳೆದೆ. ಐತ್ರಿ ಸರ್.