ಮೂಲೆಯ ಏಣಿ

ಬೆಳಿಗ್ಗೆ ಅಮೆರಿಕದ ವಯೋಮಿಂಗ್ ರಾಜ್ಯದ ನಕ್ಷೆ ತೆರೆದೆ. ಥೇಟ್ ಚದುರಂಗದ ಹಾಸು.
ಒಂದು ಚೌಕ ಸರ್ಕಾರದ್ದು, ಪಕ್ಕದ್ದು ಖಾಸಗಿಯವರು ದನ ಮೇಯಿಸೋ ರ‍್ಯಾಂಚಿನದು. ಒಂದೊಂದೂ ಸುಮಾರು 640 ಎಕರೆ.

ಸರ್ಕಾರಿ ಚೌಕಗಳು ಒಂದಕ್ಕೊಂದು ತಾಗೋದು ಮೂಲೆಯಲ್ಲಿ ಮಾತ್ರ.
2021ರಲ್ಲಿ ಎಲ್ಕ್ ಅನ್ನೋ ದೊಡ್ಡ ಜಿಂಕೆಯ ಬೇಟೆಗೆ ಬಂದ ನಾಲ್ವರು ಅಲ್ಲಿ ಏಣಿ ಇಟ್ಟು ದಾಟಿದರು. ಕೇಸಾಯ್ತು. ರ‍್ಯಾಂಚಿನ ನೆಲ ಮುಟ್ಟದಿದ್ದರೆ ದಾಟಬಹುದು ಅಂತ ಮೇಲ್ಮನವಿ ಕೋರ್ಟು 2025ರಲ್ಲಿ ಹೇಳಿತು.
ಫೋನಿನ ಜಿಪಿಎಸ್ ನಂಬಬೇಡಿ, ಹತ್ತು ಹದಿನೈದು ಅಡಿ ಆಚೀಚೆ ತೋರಿಸುತ್ತೆ. ಮೂಲೆಯ ಗುರುತಿಗೆ ನೆಲದಲ್ಲಿರೋ ಸರ್ವೆಯವರ ಲೋಹದ ಬಿಲ್ಲೆ ಹುಡುಕಬೇಕು.

ಎಲ್ಕ್‌ಗೆ (ನಮ್ಮ ಕಡವೆಯ ದಾಯಾದಿ!) ಈ ಗಡಿ ಲೆಕ್ಕ ಚೆನ್ನಾಗಿ ಗೊತ್ತು. ಗುಂಡಿನ ಸದ್ದು ಶುರುವಾಯಿತೋ, ಹಿಂಡು ರ‍್ಯಾಂಚಿನ ಹುಲ್ಲಿಗೆ.
ಗಾಯಗೊಂಡದ್ದು ಬೇಲಿಯಾಚೆ ಬಿದ್ದರೆ, ಮಾಲೀಕರನ್ನು ಕೇಳದೆ ತರೋ ಹಾಗಿಲ್ಲ.
ಬೇಲಿ ಹತ್ತಿರವಿದ್ದರೆ ಬಂದೂಕಿನ ಕುದುರೆ ಒತ್ತದಿರೋದೇ ವಾಸಿ.