ಕರಡು ಹಿಡಿದು ಹಾಸನದಿಂದ ಚಿಕ್ಕಮಗಳೂರಿಗೆ

ಪ್ರವಾಸ ಕಥನವನ್ನು ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸುವವರು ಅದೇ ದಾರಿಯಲ್ಲಿ ಎರಡು ಸಲ ಹೋಗಬೇಕು. ಮೊದಲ ಸಲ ಊರು ನೋಡುವ ಆಸೆಗೆ, ಎರಡನೇ ಸಲ ಕರಡು ಪ್ರತಿ ಹಿಡಿದು. ಪ್ರಕಾಶಕರ ಬಳಿ ತಪ್ಪು ಹುಡುಕುವವರು ಒಬ್ಬರಾದರೂ ಇರುತ್ತಾರೆ. ಲೇಖಕರೇ ಪ್ರಕಾಶಕರಾದಾಗ ಆ ಕೆಲಸವನ್ನು ದಾರಿಗೆ ಒಪ್ಪಿಸಬೇಕು. ಹಾಸನದಿಂದ ಬೇಲೂರು, ಹಳೇಬೀಡು, ಬೆಳವಾಡಿ ನೋಡಿಕೊಂಡು ಚಿಕ್ಕಮಗಳೂರು ಸೇರುವ ಎರಡು ದಿನದ ಹಾದಿ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಹೊರಡುವ ಹಿಂದಿನ ದಿನ ಪಿಡಿಎಫ್ ಅನ್ನು ಎ4 ಹಾಳೆಯ ಒಂದೇ ಮಗ್ಗುಲಿಗೆ, ಅಂಚು ಅಗಲ ಬಿಟ್ಟು ಮುದ್ರಿಸಿಕೊಳ್ಳಿ. ಪರದೆಯ ಮೇಲೆ ಕಣ್ಣಿಗೆ ಬೀಳದ ತಪ್ಪು ಕಾಗದದ ಮೇಲೆ ಬೀಳುತ್ತದೆ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಬರಹದಲ್ಲಿ ಅರ್ಕಾವತ್ತು ಜಾಗ ತಪ್ಪುವುದುಂಟು. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿರದಿದ್ದರೆ ಒತ್ತಕ್ಷರಗಳು ಕೆಳಗೆ ಕೂರದೆ ಒಡೆದು ಪಕ್ಕಕ್ಕೆ ನಿಲ್ಲುತ್ತವೆ. ಪರೀಕ್ಷೆಗೆ ಈ ದಾರಿಯ ಹೊಯ್ಸಳ ದೊರೆಯ ಹೆಸರೇ ಸಾಕು: 'ವಿಷ್ಣುವರ್ಧನ'ದಲ್ಲಿ ಣಕಾರದ ಒತ್ತೂ ಇದೆ, ಅರ್ಕಾವತ್ತೂ ಇದೆ. ಅದು ಸರಿಯಾಗಿ ಮೂಡಿದ್ದರೆ ಉಳಿದದ್ದನ್ನು ನಿಧಾನವಾಗಿ ನೋಡಬಹುದು.

ಹಾಸನದಿಂದ ಬೇಲೂರಿಗೆ ಸುಮಾರು 40 ಕಿ.ಮೀ. ಬೆಳಗಿನ ಬಸ್ಸು ಹಿಡಿಯುವುದು ಒಳ್ಳೆಯದು. ಚೆನ್ನಕೇಶವ ದೇವಾಲಯದ ಬಾಗಿಲು ಪೂರ್ವಕ್ಕಿದೆ, ಮುಂಭಾಗದ ಕೆತ್ತನೆಗೆ ಬೆಳಗಿನ ಬಿಸಿಲೇ ಬೇಕು. ಹಿಂಬದಿ ಗೋಡೆಯ ಚಿತ್ರ ಸಂಜೆಯದು. 42 ಮದನಿಕೆಯರಲ್ಲಿ ನಾಲ್ವರು ಒಳಗೆ, ನವರಂಗದ ಮಬ್ಬಿನಲ್ಲಿದ್ದಾರೆ. ಅನುಮತಿಯಿಲ್ಲದೆ ಟ್ರೈಪಾಡ್ ಬಳಸುವಂತಿಲ್ಲ, ಆದ್ದರಿಂದ ಆ ನಾಲ್ವರ ಚಿತ್ರಕ್ಕೆ ಕಂಬಕ್ಕೆ ಒರಗಿ, ಉಸಿರು ಹಿಡಿದು ಕ್ಲಿಕ್ಕಿಸಬೇಕು. ಸ್ವಂತ ಪ್ರಕಾಶನದ ಪುಸ್ತಕಗಳು ಹೆಚ್ಚಾಗಿ ಸೋಲುವುದು ಈ ಚಿತ್ರಗಳಲ್ಲೇ. ಬಳಪದ ಕಲ್ಲು ಮೊದಲೇ ಕಪ್ಪು. ಮ್ಯಾಪ್‌ಲಿಥೋ ಎಂಬ ಹೊಳಪಿಲ್ಲದ ಪುಸ್ತಕದ ಕಾಗದ ಶಾಯಿ ಹೀರಿದಾಗ ಚಿತ್ರದ ಚುಕ್ಕಿಗಳು ಹರಡಿಕೊಂಡು ನೆರಳಿನ ಭಾಗವೆಲ್ಲ ಮಸಿ ಬಳಿದಂತಾಗುತ್ತದೆ. ಕಪ್ಪು ಬಿಳುಪಿಗೆ ಇಳಿಸುವಾಗಲೇ ನೆರಳನ್ನು ತಿಳಿಗೊಳಿಸಬೇಕು. ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರ ಕುಗ್ಗಿರುತ್ತದೆ. ಮೂಲ ಕಡತವನ್ನೇ ಕೊಡಿ. ಅಚ್ಚಾಗುವ ಅಳತೆಯಲ್ಲಿ ಅಂಗುಲಕ್ಕೆ 300 ಚುಕ್ಕಿ ಇರಲಿ.

ಇಲ್ಲಿ ಇನ್ನೊಂದನ್ನೂ ಗಮನಿಸಬೇಕು. ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ಶಿಲ್ಪಗಳ ಬುಡದಲ್ಲಿ ಹೆಸರು ಕೆತ್ತಿದ್ದಾರೆ. 'ಡೆಮಿ 1/8, 70 ಜಿಎಸ್ಎಂ, ಪ್ರತಿಗಳು 500' ಎಂದು ಪುಸ್ತಕದ ಅಳತೆ, ಕಾಗದದ ತೂಕ, ಪ್ರತಿಗಳ ಲೆಕ್ಕ ಅಚ್ಚಾಗುವ ಪುಟದಲ್ಲಿ ಚಿತ್ರ ತೆಗೆದವರ, ಕರಡು ತಿದ್ದಿದವರ, ಪುಟ ಕಟ್ಟಿದವರ ಹೆಸರಿಗೂ ಜಾಗವಿರಲಿ. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆ ಭಾರತದಲ್ಲಿ ಉಚಿತ, ಲೇಖಕರೇ ಅರ್ಜಿ ಹಾಕಬಹುದು. ಅದು ಕೈಗೆ ಬರುವ ಮುನ್ನ ಹೊದಿಕೆ ಅಚ್ಚಿಗೆ ಹೋಗಬಾರದು. ಬಾರ್‌ಕೋಡ್ ಹಿಂಬದಿಯಲ್ಲಿ ಕೂರಬೇಕಲ್ಲ.

ಹಲ್ಮಿಡಿ ಇದೇ ಬೇಲೂರು ತಾಲ್ಲೂಕಿನ ಹಳ್ಳಿ. 16 ಸಾಲಿನ ಶಾಸನದ ಮೂಲ ಕಲ್ಲು ಅಲ್ಲಿಯೇ ಇದೆಯೆಂದು ಬರೆದುಬಿಡುವುದು ಸುಲಭ. ಊರಿನಲ್ಲಿರುವುದು ಪ್ರತಿಕೃತಿ, ಮೂಲ ಬೇರೆಡೆ ಇದೆ. ಕರಡಿನಲ್ಲಿ ಆ ಸಾಲು ಹಾಗಿದ್ದರೆ ಅಲ್ಲೇ ನಿಂತು ಹೊಡೆದುಹಾಕಿ.

ಬೇಲೂರಿನಿಂದ ಹಳೇಬೀಡು 16 ಕಿ.ಮೀ. ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಇಂಥ ಮಾಹಿತಿ ಇಲ್ಲದ ಪ್ರವಾಸ ಪುಸ್ತಕವನ್ನು ಓದುಗ ಎರಡನೇ ಸಲ ನಂಬುವುದಿಲ್ಲ. ಹೊಯ್ಸಳೇಶ್ವರದಿಂದ ಸ್ವಲ್ಪ ದೂರದ ಬಸ್ತಿಹಳ್ಳಿಯ ಬಸದಿಗಳನ್ನೂ ಕೇದಾರೇಶ್ವರವನ್ನೂ ಬಿಟ್ಟು ಹೋಗುವವರೇ ಹೆಚ್ಚು, ಬಿಡಬೇಡಿ. ಬೆಳವಾಡಿಗೆ ಇನ್ನು ಹತ್ತು ಹನ್ನೆರಡು ಕಿ.ಮೀ. ಬಸ್ಸಿಗೆ ಕಾದು ಕೂರುವುದಕ್ಕಿಂತ ಆಟೋ ವಾಸಿ. ನಡುವೆ ವೀರನಾರಾಯಣ, ಎದುರುಬದುರಾಗಿ ವೇಣುಗೋಪಾಲ ಮತ್ತು ಯೋಗನರಸಿಂಹ. ಕಡೆದ ಕಂಬಗಳ ನುಣುಪಿನಲ್ಲಿ ಹೊರಗಿನ ಬೆಳಕು ತೇಲುತ್ತದೆ. ಜನಸಂದಣಿ ಕಡಿಮೆ, ಕೂತು ಒಂದು ಅಧ್ಯಾಯವನ್ನು ಪೂರ್ತಿ ತಿದ್ದಬಹುದು.

ಚಿಕ್ಕಮಗಳೂರಿನಲ್ಲಿ ಕರಡಿನ ಕಾಫಿ ಪುಟಗಳನ್ನು ತೆಗೆಯಿರಿ. ಒಂದೇ ಭೇಟಿಯಲ್ಲಿ ಬಿಳಿ ಹೂವನ್ನೂ ಕೆಂಪು ಹಣ್ಣಿನ ಕೊಯ್ಲನ್ನೂ ವರ್ಣಿಸಿದ್ದರೆ ಅದು ತಪ್ಪು. ಬೇಸಿಗೆಯ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಅರಳುತ್ತದೆ; ಕೊಯ್ಲು ನವೆಂಬರ್‌ನಿಂದ ಫೆಬ್ರವರಿಯ ಮಾತು.

ಮಲೆನಾಡಿನ ಮಳೆಗಾಲ ಪುಸ್ತಕಕ್ಕೆ ದೊಡ್ಡ ಪರೀಕ್ಷೆ. ಹೊದಿಕೆಯ ಹೊರಮೈಗೆ ಲ್ಯಾಮಿನೇಶನ್ ಇರುತ್ತದೆ, ಒಳಮೈ ಬರಿಯ ಕಾಗದ. ಒಳಮೈ ತೇವ ಹೀರಿ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ. ಹೊದಿಕೆ ಮೇಲಕ್ಕೆ ಸುರುಳಿಕೊಳ್ಳುತ್ತದೆ. ಕಾಗದದ ಎಳೆ, ಅಂದರೆ ಅದರ ನಾರು ಸಾಗುವ ದಿಕ್ಕು, ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಬರಲಿ ಎಂದು ಮುದ್ರಕರಿಗೆ ಮೊದಲೇ ಹೇಳಬೇಕು. ಅಡ್ಡ ಎಳೆಯಿದ್ದರೆ ಪುಟ ಅಲೆಯಾಗುತ್ತದೆ, ಬೆನ್ನಿನ ಅಂಟೂ ಬೇಗ ಬಿಡುತ್ತದೆ. ಪ್ರತಿಗಳ ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ, ಇಲ್ಲವಾದರೆ ಬೂಸ್ಟು ಖಂಡಿತ. ಮಾರಾಟದ ಲೆಕ್ಕವೂ ಮೊದಲೇ ಆಗಬೇಕು: 200 ರೂಪಾಯಿಯ ಪುಸ್ತಕಕ್ಕೆ ಅಂಗಡಿಯವರು ಶೇ 40 ಕಮಿಷನ್ ಕೇಳಿದರೆ ಕೈಗೆ ಬರುವುದು 120. ಮುದ್ರಣ, ಸಾಗಣೆ, ಕೆಟ್ಟುಹೋದ ಪ್ರತಿ ಎಲ್ಲವೂ ಅದರೊಳಗೇ.

ಎರಡನೇ ದಿನ ಬೆಳಗ್ಗೆ ಬೇಗ ಮುಳ್ಳಯ್ಯನಗಿರಿ. ರಾಜ್ಯದ ಅತಿ ಎತ್ತರದ ಶಿಖರ, 1,930 ಮೀಟರ್. ಗಿರಿಗೆ ವಾಹನ ಬಿಡುವ ನಿಯಮ ಕಾಲಕಾಲಕ್ಕೆ ಬದಲಾಗುತ್ತದೆ, ಹೊರಡುವ ಮೊದಲು ವಿಚಾರಿಸಿ. ಕೊನೆಯ ಮೆಟ್ಟಿಲುಗಳಲ್ಲಿ ಗಾಳಿ ಜೋರು, ಹಾಳೆಗಳಿಗೆ ಕ್ಲಿಪ್ಪು ಹಾಕಿ ಚೀಲದಲ್ಲಿಡಿ.

ಇಳಿದು ಬಂದು ತಿದ್ದುಪಡಿಗಳನ್ನು ಸೇರಿಸುವಾಗ ಪುಟದ ಲೆಕ್ಕ ನೋಡಬೇಕು. ಡೆಮಿ ಪುಸ್ತಕ 16 ಪುಟಗಳ ಫಾರಂಗಳಲ್ಲಿ ಅಚ್ಚಾಗುತ್ತದೆ. 160ನೇ ಪುಟ ತುಂಬಿದ್ದು, ಸೇರಿಸಿದ ಸಾಲು 161ಕ್ಕೆ ಜಾರಿದರೆ ಹೊಸ ಫಾರಂನ ಖರ್ಚು ಬೀಳುತ್ತದೆ. ಹಲ್ಮಿಡಿಯ ಬಗ್ಗೆ ಸರಿಯಾದ ನಾಲ್ಕು ಸಾಲು ಸೇರಬೇಕಾದರೆ ಗಿರಿಯ ಸೂರ್ಯಾಸ್ತದಲ್ಲಿ ನಾಲ್ಕು ಸಾಲು ಹೋಗಲಿ.