ಆಗಿನ ಜನಕ್ಕೆ ಅಭಿಪ್ರಾಯ ಅಂತ ಒಂದಿತ್ತಾ?

1650ರ ಸುಮಾರಿನ ಇಂಗ್ಲಿಷ್–ಡಚ್ ಜಗಳದ ಬಗ್ಗೆ ಓದುತ್ತೇನೆ ಅಂದರೆ ಸಾಕು, ಎಲ್ಲರೂ ಇದನ್ನೇ ಕೇಳುತ್ತಾರೆ. ಇತ್ತು. ಚೆನ್ನಾಗೇ ಇತ್ತು.

ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯ ಹಿರಿಯರು, "ಆಗಿನ ಜನಕ್ಕೇನು ಗೊತ್ತಿತ್ತು ಬಿಡಿ, ರಾಜ ಹೇಳಿದ್ದೇ ವೇದವಾಕ್ಯ" ಅಂದರು. ನನಗೆ ಹೋಳಿಗೆ ರುಚಿಸಲಿಲ್ಲ. ಯಾವ ರಾಜ, ಸ್ವಾಮಿ? ಇಂಗ್ಲೆಂಡಿನವರು 1649ರ ಜನವರಿಯಲ್ಲಿ ತಮ್ಮ ರಾಜನ ತಲೆಯನ್ನೇ ಕಡಿಸಿದ್ದರು. ಡಚ್ಚರಿಗೆ ರಾಜನೇ ಇರಲಿಲ್ಲ. ಎರಡೂ ಗಣರಾಜ್ಯ. ಆಮ್‌ಸ್ಟರ್‌ಡ್ಯಾಮಿನಲ್ಲಿ 1618ರ ಹೊತ್ತಿಗೇ ಸುದ್ದಿಪತ್ರಿಕೆ ಅಚ್ಚಾಗುತ್ತಿತ್ತು.

1651ರ ಮಾರ್ಚ್‌ನಲ್ಲಿ ಇಂಗ್ಲಿಷ್ ದೂತರಾದ ಆಲಿವರ್ ಸೇಂಟ್ ಜಾನ್, ವಾಲ್ಟರ್ ಸ್ಟ್ರಿಕ್‌ಲ್ಯಾಂಡ್ ದೊಡ್ಡ ಪರಿವಾರದ ಜೊತೆ ಡಚ್ಚರ ಹೇಗ್ ನಗರಕ್ಕೆ ಬಂದರು. ಎರಡು ಗಣರಾಜ್ಯಗಳೂ ಒಂದಾಗಿ ನಡೆಯೋಣ ಅನ್ನುವ ಮಾತು ತಂದಿದ್ದರು. ಬೀದಿಯಲ್ಲಿ ಸಿಕ್ಕಿದ್ದು ಬೈಗುಳ. ರಾಜನನ್ನು ಕೊಂದವರ ಮೇಲೆ ಜನಕ್ಕೆ ಅಷ್ಟು ಸಿಟ್ಟು. ಎರಡು ವರ್ಷ ಹಿಂದೆ ಇದೇ ಊರಲ್ಲಿ ಇಂಗ್ಲಿಷ್ ದೂತ ಡೊರಿಸ್ಲಾಸ್‌ನನ್ನು ಇಂಗ್ಲೆಂಡ್ ಬಿಟ್ಟು ಬಂದಿದ್ದ, ಸತ್ತ ರಾಜನ ಕಡೆಯವರು ಕೊಂದಿದ್ದರು. ಸೇಂಟ್ ಜಾನ್, ಸ್ಟ್ರಿಕ್‌ಲ್ಯಾಂಡ್ ಜೂನ್‌ನಲ್ಲಿ ಬರಿಗೈಲಿ ಹೋದರು. ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಡಚ್ ಹಡಗು ವ್ಯಾಪಾರಕ್ಕೆ ಕತ್ತರಿ ಹಾಕುವ ಕಾಯಿದೆ ಬಂತು. 1652ರ ಮೇನಲ್ಲಿ ಇಂಗ್ಲೆಂಡಿನ ಡೋವರ್ ಬಳಿ, ಇಂಗ್ಲಿಷ್ ಹಡಗಿಗೆ ಗೌರವವಾಗಿ ಧ್ವಜ ಇಳಿಸುವ ವಿಚಾರಕ್ಕೆ ಇಂಗ್ಲಿಷ್ ನೌಕಾಪತಿ ಬ್ಲೇಕ್, ಡಚ್ ನೌಕಾಪತಿ ಟ್ರಾಂಪ್ ಇಬ್ಬರ ಹಡಗುಗಳೂ ಗುಂಡು ಹಾರಿಸಿದವು. ಅದು ಯುದ್ಧಕ್ಕೆ ತಿರುಗಿತು. ಆಮೇಲೆ ಲಂಡನ್ನಿನ ಜನ ಡಚ್ ರಾಯಭಾರಿಗಳ ಮೇಲೆ ಕೆಂಡ ಕಾರಿದರು. ಡಚ್ ಚಿತ್ರಗಾರರು ಇಂಗ್ಲಿಷ್ ಸೇನಾಪತಿ ಕ್ರಾಮ್‌ವೆಲ್‌ಗೆ ಬಾಲ ಬರೆದು ಮಾರಿದರು. ಇದು ಅಭಿಪ್ರಾಯ ಅಲ್ವಾ?

ಅಭಿಪ್ರಾಯ ಇತ್ತಾ ಅನ್ನೋದು ಬಿಡಿ. ಅದನ್ನು ಕೆದಕಿದವರು ಯಾರು ಅಂತ ಕೇಳಿ.

1623ರಲ್ಲಿ ಮಸಾಲೆ ದ್ವೀಪ ಅಂಬೊಯ್ನಾದಲ್ಲಿ ಡಚ್ಚರು ಹತ್ತು ಇಂಗ್ಲಿಷರಿಗೆ ಚಿತ್ರಹಿಂಸೆ ಕೊಟ್ಟು, ಪಿತೂರಿ ಒಪ್ಪಿಸಿ, ತಲೆ ಕಡಿದರು. ಅದರ ಕಥೆ ಮರುವರ್ಷವೇ ಲಂಡನ್ನಿನಲ್ಲಿ ಅಚ್ಚಾಯಿತು. ಅದೇ ಕಥೆ 1651ರಲ್ಲಿ ಮತ್ತೆ ಅಚ್ಚಿಗೆ ಹೋಯಿತು. ಸುಮ್ನೆ ಅಲ್ಲ. ಸತ್ತವರು ಅವರೇ, ನೋವೂ ಹಳೆಯದೇ. ಜಗಳ ಮಾತ್ರ ಹೊಸದು. ಅವರ ಜೊತೆ ಒಂಬತ್ತು ಜಪಾನೀಯರ ತಲೆಯೂ ಹೋಗಿತ್ತು. ಅವರಿಗಾಗಿ ಲಂಡನ್ನಿನಲ್ಲಿ ಯಾರೂ ಬೀದಿಗಿಳಿಯಲಿಲ್ಲ. ನನಗೆ ಜಾಸ್ತಿ ಸಂಕಟ ಆಗೋದು ಇಲ್ಲೇ.

1654ರಲ್ಲಿ ಶಾಂತಿ ಒಪ್ಪಂದ ಆಯಿತು. ಆ ಇಂಗ್ಲಿಷರ ವಾರಸುದಾರರಿಗೆ 3,615 ಪೌಂಡ್ ಪರಿಹಾರ ನಿಗದಿಯಾಯಿತು. ಆ ಹೊತ್ತಿಗೆ 31 ವರ್ಷ ಕಳೆದಿತ್ತು.